ಟೂರಿಂಗ್ ಬೈಕಿಗೆ ಲೈಟು, ಹಾರ್ನು, ಚಾರ್ಜರು: ಕಂಪನಿ ವೈರಿಂಗ್ ಕೆಡಿಸದೆ ಕೂರಿಸುವ ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಿಗ್ಗೆ ಫೋನ್ ಬಂದರೆ ಎತ್ತುವ ಮೊದಲೇ ವಿಷಯ ಗೊತ್ತಾಗಿಬಿಡುತ್ತದೆ. "ಅಣ್ಣಾ, ಸೆಲ್ಫ್ ಹೊಡದ್ರ ಬರೇ ಟಕ್ ಟಕ್ ಅನ್ನಾಕತ್ತೈತಿ. ಏನೂ ಮಾಡಿಲ್ಲ, ನಿನ್ನೆ ಎರಡು ಲೈಟ್ ಹಾಕ್ಸೀನಿ ಅಷ್ಟ." ಒಂದು ವಾರ ಬಳ್ಳಾರಿಯಿಂದ, ಇನ್ನೊಂದು ವಾರ ಕೊಪ್ಪಳದಿಂದ, ಮತ್ತೊಂದು ವಾರ ಸಿಂಧನೂರಿನಿಂದ. ಬೈಕ್ ಬೇರೆ ಬೇರೆ, ತಪ್ಪು ಮಾತ್ರ ಅದೇ. ಮೊದಲು ಲೈಟ್ ಕೂರಿಸುತ್ತಾರೆ. ಆಮೇಲೆ ವೈರ್ ಎಳೆಯುತ್ತಾರೆ. ಲೆಕ್ಕ ಮಾತ್ರ ಯಾವತ್ತೂ ಹಾಕುವುದಿಲ್ಲ.

ಈ ಕ್ರಮವನ್ನು ತಲೆಕೆಳಗು ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಮೊದಲು ಲೆಕ್ಕ, ಆಮೇಲೆ ಅಳತೆ, ಆಮೇಲೆ ಟೇಬಲ್ ಮೇಲೆ ವೈರಿಂಗ್, ಕಟ್ಟಕಡೆಗೆ ಬ್ಯಾಟರಿ. ಉದಾಹರಣೆಗೆ ಎರಡು 20 ವ್ಯಾಟ್ ಎಲ್‌ಇಡಿ ಲೈಟು, ಒಂದು ಜೋಡಿ ಹಾರ್ನು, ಒಂದು ಯುಎಸ್‌ಬಿ ಚಾರ್ಜರ್ ಇಟ್ಟುಕೊಳ್ಳೋಣ. ನಮ್ಮ ಕಡೆ ಹೆಚ್ಚಿನವರು ಹಾಕಿಸುವುದು ಇದನ್ನೇ. ಹೀಟೆಡ್ ಗ್ರಿಪ್ ಬೇಕು ಅಂತ ಇಲ್ಲಿವರೆಗೆ ಯಾರೂ ಕೇಳಿಲ್ಲ. ಮೇ ತಿಂಗಳಲ್ಲಿ ಬಳ್ಳಾರಿ ಬಿಸಿಲಿಗೆ ಹ್ಯಾಂಡಲ್ ತಾನೇ ಸುಡುತ್ತೆ.

ಶುರು ಮಾಡುವ ಮೊದಲು: ಮುಟ್ಟಬಾರದ ವೈರುಗಳು

ಎಬಿಎಸ್ (ಬ್ರೇಕ್ ಹೊಡೆದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ವೈರ್. ಚಕ್ರದ ಹತ್ತಿರದಿಂದ ತೆಳ್ಳಗೆ ಮೇಲಕ್ಕೆ ಬರುವ ಸೆನ್ಸರ್ ವೈರಿಗೆ ಏನನ್ನೂ ಜೋಡಿಸಬೇಡಿ. ಅದರ ಜೊತೆ ಬಿಗಿಯಾಗಿ ಟೈ ಕಟ್ಟಲೂಬೇಡಿ. 2019ರ ಏಪ್ರಿಲ್ ನಂತರ ತಯಾರಾದ 125 ಸಿಸಿಗಿಂತ ದೊಡ್ಡ ಬೈಕುಗಳಲ್ಲೆಲ್ಲ ಎಬಿಎಸ್ ಇದೆ. ಹಾಗಾಗಿ ಈ ಮಾತು ಬಹುಪಾಲು ಎಲ್ಲರಿಗೂ ಅನ್ವಯಿಸುತ್ತದೆ.

ಇಸಿಯುಗೆ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ಹೋಗುವ ವೈರುಗಳು, ಪೆಟ್ರೋಲ್ ಪಂಪಿನ ವೈರು, ಸೈಡ್ ಸ್ಟ್ಯಾಂಡ್ ಸ್ವಿಚ್ಚಿನ ವೈರು, ಇವುಗಳ ಹತ್ತಿರವೂ ಹೋಗಬೇಡಿ. ಒಂದಕ್ಕೊಂದು ಹೆಣೆದುಕೊಂಡ ಎರಡು ತೆಳ್ಳನೆ ವೈರ್ ಕಂಡರೆ ಅದು ಕ್ಯಾನ್ ಬಸ್, ಅಂದರೆ ಬೈಕಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ವೈರು, ಇರಬಹುದು. ಅದರಲ್ಲಿ ಓಡುವುದು ಲೈಟ್ ಹತ್ತಿಸುವ ಕರೆಂಟ್ ಅಲ್ಲ, ಸಿಗ್ನಲ್. ಬಲ್ಬ್ ಹಾಕಿದ ಟೆಸ್ಟ್ ಲ್ಯಾಂಪಿನಿಂದ ಅದನ್ನು ಚುಚ್ಚಿ ನೋಡಿದರೆ ಇಸಿಯು ಕೆಡುವ ಅಪಾಯ ಇದೆ. ವೈರಿನಲ್ಲಿ ಏನಿದೆ ಅಂತ ನೋಡಲು ಮಲ್ಟಿಮೀಟರ್ ಮಾತ್ರ ಬಳಸಿ.

ಕಾನೂನನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ಒಪ್ಪುವುದಿಲ್ಲ. ಹಲವು ಸ್ವರ ಹೊರಡಿಸುವ ಹಾರ್ನಿಗೆ ಕೇಂದ್ರ ಮೋಟಾರು ವಾಹನ ನಿಯಮ 119ರಲ್ಲಿ ಅವಕಾಶ ಇಲ್ಲ. ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕೇಸ್ ಹಾಕುತ್ತಿದ್ದಾರೆ. ಕೆಂಪು, ನೀಲಿ ಮಿಣುಕು ಲೈಟ್ ಆಸೆ ಬಿಟ್ಟುಬಿಡಿ. ಊರೊಳಗೆ ಎಕ್ಸ್‌ಟ್ರಾ ಲೈಟ್ ಆಫ್ ಇರಲಿ. ವಾರಂಟಿ ಇರುವ ಬೈಕಾದರೆ ಸರ್ವಿಸ್ ಸೆಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ. ಬೈಕಿಗೇ ಕಂಪನಿಯ ಲೈಟ್ ಕಿಟ್ ಸಿಗುವುದಾದರೆ ದುಡ್ಡು ಸ್ವಲ್ಪ ಜಾಸ್ತಿ ಆದರೂ ಅದನ್ನೇ ನೋಡಿ.

ಹಂತ 1: ಪೇಪರ್ ಮೇಲೆ ಲೆಕ್ಕ

ವ್ಯಾಟನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಎರಡು ಲೈಟ್ ಸೇರಿ 40 ವ್ಯಾಟ್, 12ರಿಂದ ಭಾಗಿಸಿದರೆ 3.3 ಆಂಪಿಯರ್. ಜೋಡಿ ಹಾರ್ನಿಗೆ ಸುಮಾರು 8 ಆಂಪಿಯರ್ ಹಿಡಿಯಿರಿ. ಯುಎಸ್‌ಬಿಗೆ 2. ಒಟ್ಟು 13ರ ಆಸುಪಾಸು.

ಈಗ ಫ್ಯೂಸ್. ಲೋಡನ್ನು (ಅದು ಎಳೆಯುವ ಆಂಪಿಯರನ್ನು) 0.8ರಿಂದ ಭಾಗಿಸಿ, ಅದರ ಮೇಲಿನ ಸೈಜ್ ತಗೊಳ್ಳಿ. ಲೈಟಿಗೆ 3.3 ಭಾಗಿಸು 0.8, ಅಂದರೆ 4.1. ಹಾಗಾಗಿ 5 ಆಂಪಿಯರ್ ಫ್ಯೂಸ್. ಹಾರ್ನಿಗೆ 10. ಯುಎಸ್‌ಬಿಗೆ 3. ಮೇನ್ ಫ್ಯೂಸ್ 15 ಸಾಕು, ಯಾಕಂದರೆ ಹಾರ್ನನ್ನು ಯಾರೂ ಒಂದೇ ಸಮನೆ ಒತ್ತಿ ಹಿಡಿಯುವುದಿಲ್ಲ. ಹಿಡಿಯುವವರಿದ್ದರೆ ಅದು ಬೇರೆ ಸಮಸ್ಯೆ.

ಫ್ಯೂಸ್ ಇರುವುದು ವೈರ್ ಸುಡದಂತೆ ಕಾಯಲಿಕ್ಕೆ. ಇದನ್ನು ಮರೆತವರೇ "ಪದೇ ಪದೇ ಹೋಗ್ತಿದೆ, 20 ಹಾಕಿಬಿಡಿ" ಅನ್ನುವುದು. ತೆಳ್ಳನೆ ವೈರಿಗೆ 20 ಆಂಪಿಯರ್ ಫ್ಯೂಸ್ ಹಾಕಿದರೆ ಶಾರ್ಟ್ ಆದಾಗ ಫ್ಯೂಸಿಗಿಂತ ಮೊದಲು ವೈರೇ ಸುಡುತ್ತದೆ. ಅದು ಓಡುವುದು ಪೆಟ್ರೋಲ್ ಟ್ಯಾಂಕಿನ ಕೆಳಗೆ.

ಡಬ್ಬಿಯ ಮೇಲಿನ ವ್ಯಾಟನ್ನು ನಂಬಬೇಡಿ. ಅಗ್ಗದ ಲೈಟಿನ ಮೇಲೆ 60 ಅಂತಿರುತ್ತದೆ, ಅಳೆದರೆ ಬೇರೆಯೇ ಬರುತ್ತದೆ. ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಮೀಟರನ್ನು ಲೈಟಿನ ದಾರಿಯಲ್ಲಿ ಸೇರಿಸಿ, ನೀವೇ ನೋಡಿಕೊಳ್ಳಿ.

ಬೈಕಿನ ಮ್ಯಾನುಯಲ್‌ನಲ್ಲಿ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ) ಎಷ್ಟು ವ್ಯಾಟಿನದು ಅಂತ ಇರುತ್ತದೆ. ಅದರಲ್ಲಿ ಎಲ್ಲವೂ ನಿಮಗೆ ಸಿಗುವುದಿಲ್ಲ. 2017ರ ನಂತರದ ಬೈಕುಗಳಲ್ಲಿ ಇಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ. ಪೆಟ್ರೋಲ್ ಪಂಪ್, ಇಸಿಯು, ಎಬಿಎಸ್ ತಮ್ಮ ಪಾಲು ತಗೊಳ್ಳುತ್ತವೆ. ರೇಡಿಯೇಟರ್ ಇರುವ ಬೈಕಾದರೆ ನಮ್ಮ ಬೇಸಿಗೆಯಲ್ಲಿ ಫ್ಯಾನ್ ನಿಲ್ಲುವುದೇ ಅಪರೂಪ. ಚಳಿಯ ಊರಿನವರು ಹಾಕಿದ ಲೆಕ್ಕವನ್ನು ಹಾಗೇ ಎತ್ತಿಕೊಂಡರೆ ರಾಯಚೂರಿನ ಟ್ರಾಫಿಕ್‌ನಲ್ಲಿ ಬ್ಯಾಟರಿ ಇಳಿಯುವುದು ಇದಕ್ಕೇ.

ಹಂತ 2: ಬ್ಯಾಟರಿಯ ಈಗಿನ ಸ್ಥಿತಿ ಬರೆದಿಡಿ

ಒಂದೇ ಒಂದು ಹೊಸ ವೈರ್ ಹಾಕುವ ಮೊದಲು ನಾಲ್ಕು ಅಳತೆ ಬೇಕು. ಫೋನಿನಲ್ಲಿ ಬರೆದುಕೊಳ್ಳಿ.

ರಾತ್ರಿಯಿಡೀ ನಿಂತ ಬೈಕಿನ ಬ್ಯಾಟರಿ 12.6 ವೋಲ್ಟ್‌ಗಿಂತ ಮೇಲಿರಬೇಕು. 12.4 ಅಂದರೆ ಪೂರ್ತಿ ತುಂಬಿಲ್ಲ. 12ರ ಹತ್ತಿರ ಇದ್ದರೆ ಖಾಲಿ ಆದಂತೆಯೇ ಲೆಕ್ಕ.

ಸೆಲ್ಫ್ ಹೊಡೆಯುವಾಗ ವೋಲ್ಟ್ ಬೀಳುತ್ತದೆ. 10ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಹಳೆಯದಾಗಿದೆ. ಬಿಸಿಲು ಬ್ಯಾಟರಿಯ ಆಯುಷ್ಯ ತಿನ್ನುತ್ತದೆ. ಇಂಥ ಬ್ಯಾಟರಿಗೆ ಲೈಟ್ ಸೇರಿಸಿ ಆಮೇಲೆ ಲೈಟನ್ನು ಬೈಯುವುದು ಬೇಡ.

ಇಂಜಿನ್ ಸ್ವಲ್ಪ ಎತ್ತರಿಸಿ, ಸುಮಾರು 3000 ಆರ್‌ಪಿಎಂನಲ್ಲಿ, ನೋಡಿ. 13.5ರಿಂದ 14.5ರ ನಡುವೆ ಇರಬೇಕು. 15 ದಾಟಿದರೆ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟನ್ನು ಮಿತಿಯಲ್ಲಿಡುವ ಭಾಗ) ಕೆಟ್ಟಿದೆ. ಅದನ್ನು ಸರಿಮಾಡುವ ತನಕ ಮುಂದೆ ಹೋಗಬೇಡಿ.

ನಾಲ್ಕನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಅದು ಕೀ ತೆಗೆದ ಮೇಲೆ ಸುಮ್ನೆ ಸೋರುವ ಕರೆಂಟ್. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಆ ವೈರಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಮೀಟರ್ ಸೇರಿಸಿ. ಮೊದಲು 10 ಆಂಪಿಯರ್ ತೂತಿನಲ್ಲಿ ನೋಡಿ. ಕೆಲವು ನಿಮಿಷ ಕಾಯಿರಿ, ಇಸಿಯು ನಿದ್ದೆಗೆ ಹೋಗಲಿ. ಕಡಿಮೆ ತೋರಿಸಿದರೆ ಮಾತ್ರ ಮಿಲಿಆಂಪಿಯರ್‌ಗೆ ಬದಲಾಯಿಸಿ. ಈ ಸ್ಥಿತಿಯಲ್ಲಿ ಕೀ ತಿರುಗಿಸಬೇಡಿ, ಸೆಲ್ಫ್ ಅಂತೂ ಮುಟ್ಟಲೇಬೇಡಿ. ಮೀಟರಿನ ಫ್ಯೂಸ್ ಹೋಗುತ್ತದೆ.

ಈ ಅಳತೆ ಯಾಕೆ ಬೇಕು? ನೀವು ಹಾಕಿದ ಚಾರ್ಜರ್ ಕೀ ಆಫ್ ಆದ ಮೇಲೂ 50 ಮಿಲಿಆಂಪಿಯರ್ ಕುಡಿಯುತ್ತಿದೆ ಅಂದುಕೊಳ್ಳಿ. ದಿನಕ್ಕೆ 1.2 ಆಂಪಿಯರ್ ಅವರ್ ಆಯಿತು. 8 ಆಂಪಿಯರ್ ಅವರ್ ಬ್ಯಾಟರಿ ಏಳು ದಿನದೊಳಗೆ ಖಾಲಿ. ಭಾನುವಾರ ಓಡಿಸಿ ನಿಲ್ಲಿಸಿದ ಬೈಕ್ ಮುಂದಿನ ಭಾನುವಾರ ಟಕ್ ಟಕ್ ಅನ್ನುವ ರಹಸ್ಯ ಇಷ್ಟೇ.

ಹಂತ 3: ಸಾಮಾನು

ನಾಲ್ಕು ಪಿನ್ನಿನ 12 ವೋಲ್ಟ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು) ಮೂರು, ಸಾಕೆಟ್ ಸಮೇತ. ನಾಲ್ಕು ಫ್ಯೂಸಿನ ಚಿಕ್ಕ ಮುಚ್ಚಳದ ಫ್ಯೂಸ್ ಬಾಕ್ಸ್. ಮೇನ್ ವೈರಿಗೆ ಒಂದು ನೀರು ಹೋಗದ ಫ್ಯೂಸ್ ಹೋಲ್ಡರ್. ಹ್ಯಾಂಡಲ್ ಸ್ವಿಚ್ಚು. ಲಗ್ಗುಗಳು (ವೈರಿನ ತುದಿಗೆ ಅದುಮಿ ಕೂರಿಸುವ ಲೋಹದ ತುದಿಗಳು), ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ), ಬಟ್ಟೆಯ ಹಾರ್ನೆಸ್ ಟೇಪ್, ಕೇಬಲ್ ಟೈ. ಕೈಯಲ್ಲಿ ಮಲ್ಟಿಮೀಟರ್, ವೈರ್ ಸ್ಟ್ರಿಪ್ಪರ್, ಒಳ್ಳೆಯ ಕ್ರಿಂಪಿಂಗ್ ಪ್ಲೈಯರ್, ಪಾನಾ ಸೆಟ್ಟು. ಸಾಮಾನ್ಯ ಪಕ್ಕಡ್‌ನಿಂದ ಲಗ್ ಅದುಮಿದರೆ ಅದು ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ.

ವೈರ್ ವಿಷಯದಲ್ಲಿ ಜಿಪುಣತನ ಬೇಡ. ಬ್ಯಾಟರಿಯಿಂದ ಫ್ಯೂಸ್ ಬಾಕ್ಸ್‌ವರೆಗೆ 2.5 ಚದರ ಮಿಲಿಮೀಟರ್, ಹಾರ್ನಿಗೆ 1.5, ಲೈಟಿಗೆ 1, ರಿಲೇಯ ಟ್ರಿಗರಿಗೆ (ರಿಲೇ ಆನ್ ಮಾಡುವ ವೈರಿಗೆ) 0.5. ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, ಒಳಗೆ ಸಣ್ಣ ಎಳೆ ಜಾಸ್ತಿ ಇರುವ ವೈರನ್ನೇ ಕೇಳಿ. ಮನೆ ವೈರಿಂಗ್‌ನಲ್ಲಿ ಉಳಿದ ತುಂಡನ್ನು ಬೈಕಿಗೆ ಹಾಕಬೇಡಿ. ಅದರ ದಪ್ಪ ಎಳೆಗಳು ಬೈಕಿನ ಅದುರಾಟಕ್ಕೆ ಒಂದೊಂದಾಗಿ ಮುರಿಯುತ್ತವೆ. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು. ವಾಪಸ್ ಕೊಡಿ.

ಹಂತ 4: ಟ್ರಿಗರ್ ಎಲ್ಲಿಂದ?

ಕೆಲಸ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನ.

ನಮಗೆ ಬೇಕಾದದ್ದು ಕೀ ಆನ್ ಮಾಡಿದಾಗ 12 ವೋಲ್ಟ್ ಬರುವ, ಆಫ್ ಮಾಡಿದಾಗ ಸೊನ್ನೆ ಆಗುವ ಒಂದು ವೈರ್. ಅದರಿಂದ ನಾವು ಕೇಳುವುದು ರಿಲೇಯ ಕಾಯಿಲ್‌ಗೆ (ಒಳಗಿನ ತಂತಿ ಸುರುಳಿಗೆ) ಬೇಕಾದ 0.15 ಆಂಪಿಯರ್‌ನಷ್ಟು ಮಾತ್ರ. ಲೈಟಿನ, ಹಾರ್ನಿನ ಭಾರವನ್ನೆಲ್ಲ ಹೊಸ ವೈರ್ ನೇರ ಬ್ಯಾಟರಿಯಿಂದ ಹೊರುತ್ತದೆ.

ಮೊದಲು ಮ್ಯಾನುಯಲ್ ತೆಗೆದು ಆಕ್ಸೆಸರಿ ಕನೆಕ್ಟರ್ ಇದೆಯಾ ನೋಡಿ. ಕೆಲವು ಬೈಕುಗಳಲ್ಲಿ ಹೆಡ್‌ಲೈಟ್ ಹಿಂದೆಯೋ ಸೀಟ್ ಕೆಳಗೋ ಕಂಪನಿಯೇ ಕೊಟ್ಟಿರುತ್ತದೆ. ಕೆಟಿಎಂನ ಅಡ್ವೆಂಚರ್ ಬೈಕುಗಳಲ್ಲಿ ಎಸಿಸಿ1, ಎಸಿಸಿ2 ಅಂತ ಎರಡಿವೆ. ಒಂದರಲ್ಲಿ ಕರೆಂಟ್ ಸದಾ ಇರುತ್ತದೆ, ಇನ್ನೊಂದರಲ್ಲಿ ಕೀ ಆನ್ ಆದಾಗ ಮಾತ್ರ. ಹೆಸರು ನೋಡಿ ನಂಬಬೇಡಿ, ಮೀಟರ್ ಇಟ್ಟು ಕೀ ತಿರುಗಿಸಿ ನೋಡಿ.

ಆಕ್ಸೆಸರಿ ಕನೆಕ್ಟರ್ ಇಲ್ಲದಿದ್ದರೆ ಹಿಂದಿನ ಟೇಲ್ ಲೈಟಿನ ವೈರ್. ಸೀಟ್ ಎತ್ತಿದರೆ ಅದರ ಕನೆಕ್ಟರ್ ಕೈಗೆ ಸಿಗುತ್ತದೆ. ಬ್ರೇಕ್ ಲೈಟಿನ ವೈರ್ ಅಲ್ಲ, ಸದಾ ಉರಿಯುವ ಮಂದ ಲೈಟಿನದು. ಕೀ ಆನ್, ಕೀ ಆಫ್, ಇಂಜಿನ್ ಓಡುವಾಗ, ಹೀಗೆ ಮೂರು ಸಲ ಅಳೆಯಿರಿ. ಅಂಕಿ ಸ್ಥಿರವಾಗಿರಬೇಕು. ಏರಿಳಿಯುತ್ತಿದ್ದರೆ ಆ ಲೈಟನ್ನು ಇಸಿಯು ಬಿಟ್ಟು ಬಿಟ್ಟು ಹತ್ತಿಸುತ್ತಿದೆ ಅಂತ ಅರ್ಥ. ಅಂಥ ವೈರಿಗೆ ರಿಲೇ ಕೊಟ್ಟರೆ ಅದು ಗಿರಗಿರ ಅನ್ನುತ್ತದೆ. ಬೇರೆ ಹುಡುಕಿ.

ವೈರ್ ಸಿಕ್ಕಿತು. ಈಗ ಕತ್ತರಿ ಕೆಳಗಿಡಿ. ಟೇಲ್ ಲೈಟಿನ ಕನೆಕ್ಟರನ್ನು ಬಿಚ್ಚಿ, ಫೋಟೋ ತೆಗೆದು, ಅದೇ ಮಾದರಿಯ ಗಂಡು ಹೆಣ್ಣು ಜೋಡಿಯನ್ನು ಅಂಗಡಿಯಿಂದ ತನ್ನಿ. ಎರಡನ್ನೂ ಗಿಡ್ಡ ವೈರಿನಿಂದ ಸೇರಿಸಿ, ನಡುವಿನಿಂದ ಒಂದು ಕವಲು ತೆಗೆಯಿರಿ. ಇದನ್ನು ಕಂಪನಿಯ ಎರಡು ಕನೆಕ್ಟರ್‌ಗಳ ನಡುವೆ ಚುಚ್ಚಿದರೆ ಮುಗಿಯಿತು. ಬೈಕ್ ಮಾರುವ ದಿನ ಹತ್ತು ನಿಮಿಷದಲ್ಲಿ ಬಿಚ್ಚಿ ಮೊದಲಿನಂತೆ ಮಾಡಬಹುದು.

ಕೆಲವರು ನೀಲಿ, ಕೆಂಪು ಪ್ಲಾಸ್ಟಿಕ್ಕಿನ ಕಚ್ಚು ಕ್ಲಿಪ್ ಬಳಸುತ್ತಾರೆ. ವೈರ್ ಮೇಲಿಟ್ಟು ಪಕ್ಕಡ್‌ನಿಂದ ಅದುಮಿದರೆ ಒಳಗಿನ ತಗಡು ರಬ್ಬರ್ ಸೀಳಿ ತಾಮ್ರ ಮುಟ್ಟುತ್ತದೆ. ಸುಲಭ ಹೌದು. ಆದರೆ ಆ ತಗಡು ಎಳೆಗಳನ್ನೂ ಕತ್ತರಿಸುತ್ತದೆ, ಸೀಳಿದ ಜಾಗದಿಂದ ನೀರು ಒಳಗಿಳಿಯುತ್ತದೆ. ಸಂಡೂರು ಕಡೆ ಅದಿರಿನ ಕೆಂಪು ಧೂಳಿನಲ್ಲಿ ಓಡಿಸಿ, ವಾಟರ್ ಸರ್ವಿಸ್ ಮಾಡಿಸಿದ ಬೈಕಿನಲ್ಲಿ ಇಂಥ ಕ್ಲಿಪ್ ಬಿಚ್ಚಿದ್ದೇನೆ. ಒಳಗೆ ಒದ್ದೆ ಕೆಂಪು ರಾಡಿ, ಅದರ ನಡುವೆ ಹಸಿರುಗಟ್ಟಿದ ತಾಮ್ರದ ಎರಡೇ ಎಳೆ. ಬೆರಳು ತಾಗಿಸಿದ್ದಕ್ಕೆ ಅವೂ ಮುರಿದವು.

ಹಂತ 5: ಟೇಬಲ್ ಮೇಲೆ ಜೋಡಣೆ

ಬೈಕಿನ ಪಕ್ಕ ಕೂತು ಒಂದೊಂದೇ ವೈರ್ ಎಳೆಯಬೇಡಿ. ಒಂದು ಹಗ್ಗ ತಗೊಂಡು ವೈರ್ ಓಡುವ ದಾರಿಯಲ್ಲೇ ಇಟ್ಟು ಉದ್ದ ಅಳೆದುಕೊಳ್ಳಿ, ಒಂದು ಗೇಣು ಜಾಸ್ತಿ ಸೇರಿಸಿ. ಉಳಿದದ್ದೆಲ್ಲ ಮನೆಯೊಳಗೆ, ಫ್ಯಾನ್ ಕೆಳಗೆ, ಟೇಬಲ್ ಮೇಲೆ.

ರಿಲೇ ತಿರುಗಿಸಿ ನೋಡಿದರೆ ನಂಬರ್ ಕಾಣುತ್ತವೆ. 30ಕ್ಕೆ ಫ್ಯೂಸ್ ದಾಟಿ ಬಂದ ಪ್ಲಸ್. 87ರಿಂದ ಲೋಡಿಗೆ. 86ಕ್ಕೆ ಟ್ರಿಗರ್. 85 ಮೈನಸ್‌ಗೆ. ಅಂಗಡಿಯವರು ಐದು ಪಿನ್ನಿನದು ಕೊಟ್ಟರೆ ನಡುವೆ 87ಎ ಅಂತ ಇನ್ನೊಂದು ಇರುತ್ತದೆ. ಅದು ಉಲ್ಟಾ: ರಿಲೇ ಆಫ್ ಇದ್ದಾಗ ಅದರಲ್ಲಿ ಕರೆಂಟ್. ಲೈಟನ್ನು ತಪ್ಪಿ ಅದಕ್ಕೆ ಕೊಟ್ಟು, "ಸ್ವಿಚ್ ಆಫ್ ಮಾಡಿದ್ರೇ ಲೈಟ್ ಹತ್ತುತ್ತೆ" ಅಂತ ತಲೆ ಕೆಡಿಸಿಕೊಂಡವರಿದ್ದಾರೆ.

ಮೊದಲ ರಿಲೇ ಮೇನ್. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30, 87ರಿಂದ ಫ್ಯೂಸ್ ಬಾಕ್ಸ್. ಇದರ 86ಕ್ಕೆ ಹಂತ 4ರ ಕವಲು ವೈರ್. ಕೀ ಆಫ್ ಆದರೆ ಫ್ಯೂಸ್ ಬಾಕ್ಸ್ ಪೂರ್ತಿ ಸತ್ತಿರುತ್ತದೆ, ಚಾರ್ಜರ್ ರಾತ್ರಿ ಕದ್ದು ಕುಡಿಯುವ ಮಾತೇ ಇಲ್ಲ. ಬಾಕ್ಸಿನ 3 ಆಂಪಿಯರ್‌ನಿಂದ ಯುಎಸ್‌ಬಿಗೆ ನೇರ ವೈರ್.

ಎರಡನೆಯದು ಲೈಟಿನ ರಿಲೇ. ಬಾಕ್ಸಿನ 5 ಆಂಪಿಯರ್‌ನಿಂದ 30ಕ್ಕೆ ಒಂದು ವೈರ್. ಅದೇ ಫ್ಯೂಸಿನಿಂದ ಇನ್ನೊಂದು ತೆಳ್ಳನೆ ವೈರ್ ಹ್ಯಾಂಡಲ್ ಸ್ವಿಚ್ ದಾಟಿ 86ಕ್ಕೆ. 87ರಿಂದ ಎರಡೂ ಲೈಟಿಗೆ.

ಮೂರನೆಯದು ಹಾರ್ನಿನದು, ಇದು ಎಲ್ಲಕ್ಕಿಂತ ಸುಲಭ. ಹಳೆ ಹಾರ್ನಿನಿಂದ ಎರಡು ವೈರ್ ಬಿಚ್ಚಿ, ಅವೆರಡನ್ನೂ ರಿಲೇಯ 85, 86ಕ್ಕೆ ಕೊಡಿ. ಕಂಪನಿ ಹಾರ್ನ್ ಬಟನ್ ಈಗ ರಿಲೇಯನ್ನು ಮಾತ್ರ ಒತ್ತುತ್ತದೆ. 8 ಆಂಪಿಯರ್ ಆ ಪುಟ್ಟ ಬಟನ್ ಮೂಲಕ ಹೋಗುವುದಿಲ್ಲ. ಬಾಕ್ಸಿನ 10 ಆಂಪಿಯರ್‌ನಿಂದ 30ಕ್ಕೆ, 87ರಿಂದ ಹೊಸ ಹಾರ್ನುಗಳಿಗೆ. ರಿಲೇ ಮೇಲೆ ಡಯೋಡ್ ಚಿಹ್ನೆ ಇದ್ದರೆ 85, 86ರ ಪ್ಲಸ್ ಮೈನಸ್ ಅದಲು ಬದಲಾಗಬಾರದು. ಇಲ್ಲದಿದ್ದರೆ ಹೇಗಿದ್ದರೂ ನಡೆಯುತ್ತದೆ.

ಮೂರು ರಿಲೇ ಜಾಸ್ತಿ ಆಯ್ತು ಅನ್ನುವವರಿದ್ದಾರೆ. ಇರಲಿ. ಅವರ ಹಾರ್ನ್ ಬಟನ್ ಸುಟ್ಟ ದಿನ ಮಾತಾಡೋಣ.

ಹಂತ 6: ಜಾಯಿಂಟ್

ನನ್ನ ಮೊದಲ ಬೈಕಿಗೆ ನಾನೇ ವೈರಿಂಗ್ ಮಾಡಲಿಲ್ಲ, ಒಬ್ಬರ ಹತ್ತಿರ ಮಾಡಿಸಿದೆ. ವೈರ್ ತಿರುಚಿ, ಕರಿ ಇನ್ಸುಲೇಶನ್ ಟೇಪ್ ಸುತ್ತಿ, ಅರ್ಧ ಗಂಟೆಯಲ್ಲಿ ಕೊಟ್ಟುಬಿಟ್ಟರು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಏನೂ ಆಗಲಿಲ್ಲ. ಮೇ ತಿಂಗಳಲ್ಲಿ ಹೊಸಪೇಟೆಗೆ ಹೊರಟಿದ್ದೆ. ಕುಡಿತಿನಿ ದಾಟಿದ ಮೇಲೆ ಮೀಟರ್, ಇಂಜಿನ್, ಲೈಟ್ ಎಲ್ಲ ಒಂದೇ ಸಲ ಬಂದ್. ಹಿಂದೆ ಅದಿರಿನ ಲಾರಿ. ಹೇಗೋ ಪಕ್ಕಕ್ಕೆ ತಗೊಂಡು ಟ್ಯಾಂಕ್ ಎತ್ತಿ ನೋಡಿದರೆ ಟೇಪಿನ ಅಂಟು ಬಿಸಿಗೆ ಬೆಲ್ಲದ ಪಾಕದ ಹಾಗೆ ಇಳಿದಿದೆ. ಟೇಪ್ ಜಾರಿ, ಬೆತ್ತಲೆ ತಾಮ್ರ ಚಾಸಿಸ್ ಮುಟ್ಟಿ, ಬೈಕಿನ ಮೇನ್ ಫ್ಯೂಸ್ ಹಾರಿತ್ತು. ಲೈಟಿಗೆ ಬೇರೆ ಫ್ಯೂಸ್ ಹಾಕಿರಲೇ ಇಲ್ಲ.

ಅದಕ್ಕೇ ಹೇಳುವುದು. ಸ್ಲೀವನ್ನು ಮೊದಲೇ ವೈರಿಗೆ ಪೋಣಿಸಿ, ಆಮೇಲೆ ಮರೆತುಹೋಗುತ್ತೆ. ತುದಿಯ ರಬ್ಬರ್ ಅರ್ಧ ಸೆಂಟಿಮೀಟರ್ ಸುಲಿದು, ಒಂದೂ ಎಳೆ ಕತ್ತರಿಸಿಲ್ಲ ಅಂತ ನೋಡಿ. ಲಗ್ಗಿನಲ್ಲಿಟ್ಟು ಅದುಮಿ. ಗಟ್ಟಿಯಾಗಿ ಎಳೆದು ನೋಡಿ. ಬಿಟ್ಟುಬಂದರೆ ಈಗಲೇ ಬಂದದ್ದು ಒಳ್ಳೆಯದಾಯಿತು. ಸ್ಲೀವ್ ಮೇಲೆ ಸರಿಸಿ ಹೀಟ್ ಗನ್ ಹಿಡಿಯಿರಿ. ಒಳಗೆ ಅಂಟು ಇರುವ ಸ್ಲೀವ್ ಆದರೆ ಅಂಚಿನಲ್ಲಿ ಅಂಟು ಸಣ್ಣಗೆ ಉಕ್ಕಿ ಕಾಣುತ್ತದೆ. ನೀರು ಇನ್ನು ಒಳಗೆ ಹೋಗುವುದಿಲ್ಲ.

ಬೆಸುಗೆ ಹಾಕಿದರೆ ಇನ್ನೂ ಗಟ್ಟಿ ಅಲ್ವಾ ಅಂತ ಕೇಳುತ್ತಾರೆ. ಬೆಸುಗೆ ಹಾಕಿದ ಜಾಗದಲ್ಲಿ ವೈರ್ ಕಡ್ಡಿಯಂತಾಗುತ್ತದೆ. ಕಡ್ಡಿ ಮುಗಿದು ಮೆತ್ತಗಿನ ವೈರ್ ಶುರುವಾಗುವ ಜಾಗದಲ್ಲಿ ಅದುರಾಟಕ್ಕೆ ಬಿರುಕು ಬಿಡುತ್ತದೆ. ಹಾಕಲೇಬೇಕಿದ್ದರೆ ಎರಡೂ ಕಡೆ ಸ್ಲೀವ್ ಉದ್ದ ಬಿಟ್ಟು, ಅಲುಗಾಡದಂತೆ ಕಟ್ಟಿ.

ಹಂತ 7: ಬೈಕಿನ ಮೇಲೆ ವೈರ್ ಓಡಿಸುವುದು

ಬೆಳಿಗ್ಗೆ ಆರಕ್ಕೆ ಶುರು ಮಾಡಿ. ಹನ್ನೊಂದರ ಮೇಲೆ ನಮ್ಮ ಕಡೆ ಅಂಗಳದಲ್ಲಿ ಪಾನಾ ಹಿಡಿಯಲಿಕ್ಕಾಗಲ್ಲ. ಇಂಜಿನ್ ಪೂರ್ತಿ ತಣ್ಣಗಿರಬೇಕು.

ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಪ್ಲಸ್ ಮೊದಲು ಬಿಚ್ಚುವಾಗ ಪಾನಾ ಚಾಸಿಸ್‌ಗೆ ತಾಗಿದರೆ ದೊಡ್ಡ ಕಿಡಿ, ಮೇಲೆಯೇ ಪೆಟ್ರೋಲ್ ಟ್ಯಾಂಕ್. ಟ್ಯಾಂಕ್ ಎತ್ತಬೇಕಾದರೆ ಬೋಲ್ಟ್ ಬಿಚ್ಚಿ ಹಿಂದಿನಿಂದ ಸ್ವಲ್ಪ ಎತ್ತಿ, ಕೆಳಗೆ ಮರದ ತುಂಡು ಕೊಡಿ. ಇಂಜೆಕ್ಷನ್ ಬೈಕಿನ ಪೆಟ್ರೋಲ್ ಪೈಪಿನಲ್ಲಿ ಒತ್ತಡ ಇರುತ್ತದೆ, ಅದನ್ನು ಬಿಚ್ಚಲು ಹೋಗಬೇಡಿ.

ಕಂಪನಿಯ ವೈರ್ ಕಟ್ಟು ಹೋದ ದಾರಿಯಲ್ಲೇ ನಿಮ್ಮದೂ ಹೋಗಲಿ. ಸೈಲೆನ್ಸರ್ ಪೈಪಿನಿಂದ ಕನಿಷ್ಠ ಅರ್ಧ ಗೇಣು ದೂರ. ಟ್ಯಾಂಕಿನ ಅಂಚು ಕೂರುವ ಜಾಗದಲ್ಲಿ ವೈರ್ ಸಿಕ್ಕಿಕೊಳ್ಳದಿರಲಿ. ರಿಲೇಗಳ ಪಿನ್ ಕೆಳಮುಖವಾಗಿರಲಿ. ಕನೆಕ್ಟರಿಗೆ ಸೇರುವ ಮೊದಲು ವೈರನ್ನು ಸ್ವಲ್ಪ ಕೆಳಗೆ ಜೋತುಬಿಡಿ, ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಮೈನಸ್ ವೈರುಗಳನ್ನು ಬಣ್ಣ ಬಳಿದ ಚಾಸಿಸ್‌ಗೆ ಬೋಲ್ಟ್ ಮಾಡಿ ಕೈಬಿಡಬೇಡಿ. ಎಲ್ಲವನ್ನೂ ಸೇರಿಸಿ ಬ್ಯಾಟರಿಯ ಮೈನಸ್‌ಗೇ ತನ್ನಿ.

ಹ್ಯಾಂಡಲ್ ಹತ್ತಿರ ಕೇಬಲ್ ಟೈ ಬಿಗಿಯುವ ಮೊದಲು ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ವೈರ್ ಎಲ್ಲೂ ಬಿಗಿಯಬಾರದು. ಆಮೇಲೆ ಮುಂದಿನ ಶಾಕ್ ಅದುಮಿ ಮತ್ತೊಮ್ಮೆ ನೋಡಿ. ಇದನ್ನು ಬಿಟ್ಟವರ ವೈರ್ ಆರು ತಿಂಗಳಲ್ಲಿ ರಬ್ಬರಿನ ಒಳಗೇ ಮುರಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಬಲಕ್ಕೆ ತಿರುಗಿದಾಗ ಮಾತ್ರ ಲೈಟ್ ಆರುತ್ತದೆ.

ಲೈಟ್, ಹಾರ್ನ್ ಬ್ರಾಕೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋಲ್ಟಿಗೆ ಸ್ಪ್ರಿಂಗ್ ವಾಷರ್ ಹಾಕಿ, ಲೈಟ್ ರೇಡಿಯೇಟರಿನ ಗಾಳಿಗೆ ಅಡ್ಡ ಬರದಿರಲಿ.

ಹಂತ 8: ಬ್ಯಾಟರಿ, ಕಟ್ಟಕಡೆಗೆ

ಎಲ್ಲ ಫ್ಯೂಸ್ ಹೊರಗಿರಲಿ. ಮೇನ್ ಫ್ಯೂಸ್ ಹೋಲ್ಡರ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಅದಕ್ಕೂ ಮೊದಲು ಇರುವ ವೈರಿಗೆ ಕಾಯುವವರು ಯಾರೂ ಇಲ್ಲ. ಪ್ಲಸ್ ಮೊದಲು ಸೇರಿಸಿ, ಆಮೇಲೆ ಮೈನಸ್.

ಈಗ ಮೇನ್ ಫ್ಯೂಸ್ ಹಾಕಿ. ಕೀ ಆಫ್ ಇರುವಾಗ ಏನೂ ಆಗಬಾರದು. ಕೀ ಆನ್ ಮಾಡಿ, ಮೇನ್ ರಿಲೇ ಒಂದೇ ಸಲ "ಟಕ್" ಅನ್ನಬೇಕು. ಆಮೇಲೆ ಯುಎಸ್‌ಬಿ ಫ್ಯೂಸ್, ಆಮೇಲೆ ಲೈಟಿನದು, ಕೊನೆಗೆ ಹಾರ್ನಿನದು. ಪ್ರತಿ ಸಲ ಒಂದನ್ನೇ ಹಾಕಿ ಪರೀಕ್ಷಿಸಿ. ಎಲ್ಲ ಒಟ್ಟಿಗೆ ಹಾಕಿ ಮೇನ್ ಹಾರಿದರೆ ತಪ್ಪು ಎಲ್ಲಿದೆ ಅಂತ ಹುಡುಕುವುದರಲ್ಲೇ ಸಂಜೆ ಆಗುತ್ತದೆ. ಹಾರಿದ ಫ್ಯೂಸಿನ ಜಾಗಕ್ಕೆ ಬೆಳ್ಳಿ ಕಾಗದ, ವೈರ್ ತುಂಡು ಯಾವುದೂ ಬೇಡ.

ಹಂತ 9: ಮತ್ತೆ ಅಳತೆ

ಹಂತ 2ರಲ್ಲಿ ಬರೆದಿಟ್ಟ ಅಂಕಿಗಳು ಈಗ ಬೇಕು. ಕೀ ಆಫ್ ಇದ್ದಾಗಿನ ಸೋರಿಕೆ ಮೊದಲಿನಷ್ಟೇ ಇರಬೇಕು. ಜಾಸ್ತಿ ಆಗಿದ್ದರೆ ಟ್ರಿಗರ್ ತಪ್ಪಾಗಿದೆ.

ಇಂಜಿನ್ ಐಡಲ್‌ನಲ್ಲಿ, ಲೈಟ್ ಆನ್ ಮಾಡಿ ಬ್ಯಾಟರಿಯ ಎರಡು ತುದಿಯಲ್ಲಿ ವೋಲ್ಟ್ ನೋಡಿ. 12.8ಕ್ಕಿಂತ ಕೆಳಗಿದ್ದರೆ ಸಿಗ್ನಲ್‌ನಲ್ಲಿ ನಿಂತಾಗ ಬ್ಯಾಟರಿ ಇಳಿಯುತ್ತಿದೆ. 3000ಕ್ಕೆ ಏರಿಸಿದಾಗಲೂ 13.5ಕ್ಕೆ ಬರದಿದ್ದರೆ ಲೋಡು ಜಾಸ್ತಿ ಆಯಿತು, ಒಂದನ್ನು ಕಳೆಯಿರಿ.

ಇನ್ನೊಂದು ಅಳತೆ ಲೈಟಿನ ಹತ್ತಿರ. ಬ್ಯಾಟರಿಯಲ್ಲಿ 13.8 ಇದ್ದು ಲೈಟಿನಲ್ಲಿ 13.5 ಬಂದರೆ ಚೆನ್ನಾಗಿದೆ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಕಳೆದುಹೋಗುತ್ತಿದ್ದರೆ ವೈರ್ ತೆಳ್ಳಗಾಗಿದೆ ಅಥವಾ ಯಾವುದೋ ಲಗ್ ಸರಿ ಕೂತಿಲ್ಲ.

ಆಮೇಲೆ ಮೆಲ್ಲಗೆ ಒಂದು ರೌಂಡ್. ಕೀ ಹಾಕಿದಾಗ ಹತ್ತುವ ಎಬಿಎಸ್ ದೀಪ ಸ್ವಲ್ಪ ದೂರ ಓಡಿದ ಮೇಲೆ ಆರಲೇಬೇಕು. ಎಕ್ಸ್‌ಟ್ರಾ ಲೈಟ್ ಆನ್ ಇಟ್ಟೂ, ಆಫ್ ಇಟ್ಟೂ ನೋಡಿ.

ಹಂತ 10: ಲೈಟಿನ ದಿಕ್ಕು

ಕತ್ತಲಾದ ಮೇಲೆ ಒಂದು ದೊಡ್ಡ ಗೋಡೆ ಹುಡುಕಿ. ಸಿರುಗುಪ್ಪ, ಗಂಗಾವತಿ ಕಡೆಯವರಿಗೆ ರೈಸ್ ಮಿಲ್ ಕಾಂಪೌಂಡ್ ಇದ್ದೇ ಇದೆ. ಏಳೂವರೆ ಮೀಟರ್ ದೂರದಲ್ಲಿ ಬೈಕ್ ನೇರ ನಿಲ್ಲಿಸಿ, ಲಗೇಜ್ ಕಟ್ಟಿ, ನೀವು ಮೇಲೆ ಕೂತುಕೊಳ್ಳಿ. ಖಾಲಿ ಬೈಕನ್ನು ಸ್ಟ್ಯಾಂಡ್ ಮೇಲಿಟ್ಟು ದಿಕ್ಕು ಮಾಡಿದರೆ ಲಗೇಜ್ ಹಾಕಿದ ದಿನ ಬೆಳಕು ಲಾರಿ ಡ್ರೈವರ್ ಕಣ್ಣಿಗೇ.

ಹೆಡ್‌ಲೈಟ್ ಲೋ ಬೀಮಿನ ಮೇಲಂಚಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಎಕ್ಸ್‌ಟ್ರಾ ಲೈಟಿನ ಮೇಲಂಚು ಆ ಗೆರೆಯ ಕೆಳಗೇ ಇರಬೇಕು. ಧೂಳಿನ ರಸ್ತೆಯಲ್ಲಿ ನನಗೆ ಹಳದಿ ಲೈಟೇ ಹಿತ. ಬಿಳಿ ಬೆಳಕು ಧೂಳಿಗೆ ಬಡಿದು ಕಣ್ಣಿಗೇ ವಾಪಸ್ ಬಂದಂತೆ ಅನಿಸುತ್ತದೆ.

ಎಚ್ಚರಿಕೆಯ ಚಿಹ್ನೆಗಳು

ರಿಲೇ ನಿಲ್ಲದೆ ಗಿರಗಿರ ಅಂದರೆ ವೋಲ್ಟ್ ಬಿದ್ದಿದೆ ಅಥವಾ ಟ್ರಿಗರ್ ವೈರ್ ಸರಿಯಿಲ್ಲ. ಫ್ಯೂಸ್ ಹಾರಿಲ್ಲ, ಆದರೆ ಅದರ ಪ್ಲಾಸ್ಟಿಕ್ ಕರಗಿದೆ ಅಂದರೆ ಹೋಲ್ಡರಿನಲ್ಲಿ ಲೂಸ್ ಕಾಂಟ್ಯಾಕ್ಟ್. ಇದು ಹಾರಿದ ಫ್ಯೂಸಿಗಿಂತ ಅಪಾಯ, ಹೋಲ್ಡರನ್ನೇ ಬದಲಿಸಿ. ಲೈಟ್ ಆಫ್ ಮಾಡಿದ ಮೇಲೂ ಮಂಕಾಗಿ ಮಿನುಗಿದರೆ ಎಲ್ಲಿಂದಲೋ ಕರೆಂಟ್ ಹಿಂದಿನಿಂದ ಬರುತ್ತಿದೆ. ಲೈಟ್ ಹಾಕಿದಾಗ ಹೆಲ್ಮೆಟ್ಟಿನ ಬ್ಲೂಟೂತ್ ಗೊರಗೊರ ಅಂದರೆ ಲೈಟ್ ಅಗ್ಗದ್ದು. ಬಿಸಿ ಪ್ಲಾಸ್ಟಿಕ್ ವಾಸನೆ ಬಂದರೆ ಯೋಚಿಸುತ್ತಾ ಕೂರಬೇಡಿ. ಬೈಕ್ ನಿಲ್ಲಿಸಿ, ಕೀ ತೆಗೆದು, ಮೇನ್ ಫ್ಯೂಸ್ ಕಿತ್ತುಬಿಡಿ. ಎಬಿಎಸ್ ದೀಪ ಆರದಿದ್ದರೆ ಮೊದಲು ನಿಮ್ಮ ವೈರ್ ಎಲ್ಲ ಬಿಚ್ಚಿ ನೋಡಿ, ಆಮೇಲೆ ಸರ್ವಿಸ್ ಸೆಂಟರ್.

500 ಕಿಲೋಮೀಟರ್ ಆದ ಮೇಲೆ

ಸೀಟ್ ತೆಗೆದು ಪ್ರತಿ ಲಗ್ಗನ್ನೂ ಕೈಯಿಂದ ಅಲುಗಾಡಿಸಿ. ರಿಲೇ, ಫ್ಯೂಸ್ ಬಾಕ್ಸ್ ಮುಟ್ಟಿ ನೋಡಿ, ಸ್ವಲ್ಪ ಬೆಚ್ಚಗಿರಬಹುದು, ಸುಡಬಾರದು. ಲೈಟಿನ ಹಿಂದಿನ ರೆಕ್ಕೆಗಳಲ್ಲಿ ಕೆಂಪು ಮಣ್ಣು ತುಂಬಿದ್ದರೆ ಬ್ರಷ್‌ನಿಂದ ತೆಗೆಯಿರಿ. ಅಲ್ಲಿ ಮಣ್ಣು ಕೂತರೆ ಎಲ್‌ಇಡಿಯ ಶಾಖ ಹೊರಗೆ ಹೋಗಲ್ಲ. ವಾಟರ್ ಸರ್ವಿಸಿಗೆ ಬಿಟ್ಟಾಗ ಪ್ರೆಷರ್ ಗನ್ ಕನೆಕ್ಟರ್ ಮೇಲೆ ಹೊಡೆಯಬೇಡಿ ಅಂತ ಹುಡುಗರಿಗೆ ಹೇಳಿ, ಹೇಳಿ ಅಲ್ಲೇ ನಿಂತಿರಿ. ಭತ್ತದ ಚೀಲ ಪೇರಿಸಿದ ಶೆಡ್ಡಿನಲ್ಲಿ ಬೈಕ್ ನಿಲ್ಲಿಸುವವರು ಇಲಿ ಹಲ್ಲಿನ ಗುರುತನ್ನೂ ಹುಡುಕಿ.

ವೈರಿಂಗ್ ನಕ್ಷೆಯನ್ನು ಕೈಯಲ್ಲೇ ಬರೆದು, ಯಾವ ಬಣ್ಣ ಎಲ್ಲಿಗೆ, ಯಾವ ಫ್ಯೂಸ್ ಯಾವುದಕ್ಕೆ ಅಂತ ಗುರುತು ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಸೀಟಿನ ಕೆಳಗೆ ಅಂಟಿಸಿ. ಅದೇ ಕವರಿನಲ್ಲಿ 3, 5, 10, 15 ಆಂಪಿಯರ್ ಫ್ಯೂಸ್ ಎರಡೆರಡು, ಒಂದು ರಿಲೇ ಇರಲಿ. ರಾತ್ರಿ ಹತ್ತಕ್ಕೆ ಲಿಂಗಸುಗೂರು ರಸ್ತೆಯಲ್ಲಿ ನಿಂತರೆ ಯಾವ ಊರಿನ ಎಲೆಕ್ಟ್ರಿಷಿಯನ್ ಬಂದರೂ ಮೊದಲು ಕೇಳುವುದು "ಇದನ್ನ ಯಾರು ಮಾಡ್ಯಾರ, ಯಾವ ವೈರ್ ಎಲ್ಲಿಗೆ ಹೋಗೈತಿ" ಅಂತಲೇ.